ಮಂಗಳವಾರ ಖಾಲಿಯಾಗುತ್ತಿದ್ದ ಕಸದ ಬುಟ್ಟಿ

ನಿಮಗೆ ಯಾವತ್ತಾದರೂ ಹೀಗಾಗಿದೆಯಾ? ನೀವೊಂದು ಸಣ್ಣ ಸುಳ್ಳು ಮಾಡಿರುತ್ತೀರಿ. ಬಾಯಲ್ಲಿ ಹೇಳಿದ್ದಕ್ಕಿಂತ ಕೈಯಲ್ಲಿ ಮಾಡಿದ್ದೇ ಹೆಚ್ಚು. ಒಬ್ಬ ಒಳ್ಳೆಯ ಮನುಷ್ಯ ಅದನ್ನು ನಿಜ ಅಂತ ನಂಬಿ, ನಿಮ್ಮನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ಹೊಗಳುತ್ತಾನೆ. ನೀವು ಕೈ ಮುಗಿದುಕೊಂಡು ನಿಂತಿರುತ್ತೀರಿ. ಆಗಿದೆಯಾ? ಆಗಿಲ್ಲ ಅಂದರೆ ನಿಮ್ಮ ಪುಣ್ಯ.

ನನಗಾಗಿದೆ. ಆ ಮನುಷ್ಯ ಈಗಿಲ್ಲ, ಹೋಗಿ ನಾಲ್ಕು ತಿಂಗಳಾಯಿತು. ಅವರು ತಮ್ಮ ಸಂಶೋಧನೆಯ ಅಂಕಿಗಳನ್ನು ಬೇಕಾದ ಹಾಗೆ ತಿದ್ದಿಕೊಂಡರು ಅಂತ ಇವತ್ತಿಗೂ ಕೆಲವರು ಆಡಿಕೊಳ್ಳುತ್ತಾರೆ. ತಿದ್ದಿದವನು ನಾನು. ನನ್ನ ಈ ಪುಟಕ್ಕೆ ತಮಾಷೆ ಓದೋಕೆ ಬರುವ ಸ್ನೇಹಿತರು ಇವತ್ತೊಂದು ದಿನ ಸಹಿಸಿಕೊಳ್ಳಿ. ನಗೋ ಜಾಗ ಬಂದರೆ ನಗಿ, ಅವರೂ ನಗುತ್ತಿದ್ದರು.

ಹೆಸರು ಬರೆಯುವುದಿಲ್ಲ. ಅವರ ಮನೆಯವರನ್ನು ಕೇಳಿಲ್ಲ. ಮೇಷ್ಟ್ರು ಅಂತಲೇ ಅನ್ನುತ್ತೇನೆ, ನಾನು ಕರೆಯುತ್ತಿದ್ದುದೂ ಹಾಗೇ.

ಮೇಷ್ಟ್ರು ಶ್ರೀರಂಗಪಟ್ಟಣದವರು. ದೇವಸ್ಥಾನದ ಬೀದಿಯ ಮನೆ. ಅವರಪ್ಪ ದೇವರ ಅಡುಗೆ ಮಾಡುತ್ತಿದ್ದವರು, ಇವರು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದರು. ಐವತ್ತರ ಹತ್ತಿರ ಬಂದಾಗ, ಜೊತೆಯವರೆಲ್ಲ ಸೈಟು, ಮಗಳ ಮದುವೆ ಅಂತ ಓಡಾಡುತ್ತಿದ್ದರೆ, ಇವರು ಪಿಎಚ್‌ಡಿಗೆ ಸೇರಿಕೊಂಡರು.

ನಾನು ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಸೇವಾ ಕೇಂದ್ರ ಇಟ್ಟುಕೊಂಡವನು. ಪಹಣಿ, ಜಾತಿ–ಆದಾಯ ಪತ್ರ, ಪಿಂಚಣಿ ಅರ್ಜಿ, ಕರೆಂಟ್ ಬಿಲ್ಲು, ನಿಮಗೆ ಗೊತ್ತಿರುವುದೇ. ಸರ್ಕಾರ ಕೊಟ್ಟ ಲಾಗಿನ್ ಇದ್ದರೆ ಅಂಗಡಿ, ಅದು ಹೋದರೆ ಬಾಗಿಲು ಮುಚ್ಚಿದಂತೆ. ಆಗ ಸರ್ಕಾರದ ಒಂದು ಹೊಸ ಯೋಜನೆ ಬಂತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ನಾಲ್ಕು ಕಡೆ ಒಂದೊಂದು ಕೇಂದ್ರ ಆರಿಸಿ ಚಾವಣಿಯ ಮೇಲೆ ಸೋಲಾರ್ ಫಲಕ ಕೂರಿಸಿದರು. ಬಾಗಿಲಿಗೆ ಹಸಿರು ಬೋರ್ಡು. ಇನ್ನು ಮುಂದೆ ಕಾಗದ ಇಲ್ಲ, ಎಲ್ಲ ಮೊಬೈಲಿಗೇ ಮೆಸೇಜು ಬರುತ್ತೆ ಅಂದರು. ಪಾಂಡವಪುರದ ಬೋರ್ಡು ನನ್ನ ಬಾಗಿಲಿಗೆ ಬಿತ್ತು.

ಈ ಹಸಿರು ಬೋರ್ಡು ನಿಜವೋ ಸುಳ್ಳೋ ನೋಡುವುದೇ ಮೇಷ್ಟ್ರ ಪಿಎಚ್‌ಡಿ. ಅದರ ಹೆಸರು ಇಂಗ್ಲಿಷಿನಲ್ಲಿ ಎರಡು ಸಾಲು ಇತ್ತು. ನಾನು ಕೇಳಿದಾಗ ಅವರು ಕನ್ನಡದಲ್ಲಿ ಹೇಳಿದ್ದು ಇಷ್ಟೇ: “ಬಂದವರಿಗೆ ಕೆಲಸ ಚೆನ್ನಾಗಿ ಆಗಬೇಕು, ಕಾಗದ–ಕರೆಂಟೂ ಉಳೀಬೇಕು. ಎರಡೂ ಒಟ್ಟಿಗೆ ಆಗುತ್ತಾ, ಇಲ್ಲ ಒಂದಕ್ಕೋಸ್ಕರ ಇನ್ನೊಂದನ್ನ ಕೊಲ್ತೀವಾ? ಅದನ್ನ ನೋಡ್ಬೇಕು ಕಣ್ರೀ.”

ವಾರಕ್ಕೆ ಒಂದು ದಿನ ಒಂದು ಊರು. ನನ್ನದು ಮಂಗಳವಾರ.

ಅವರನ್ನು ನೋಡಿದರೆ ಸಂಶೋಧಕರು ಅಂತ ಯಾರೂ ಅನ್ನುತ್ತಿರಲಿಲ್ಲ. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಮೋಟು ಪೆನ್ಸಿಲ್ಲು. ನೋಟ್‌ಬುಕ್ಕು ಅಂದರೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಂದುಮುಂದು ಮಾಡಿ ದಾರ ಹಾಕಿ ಹೊಲಿದದ್ದು. ಹೆಗಲ ಮೇಲೊಂದು ಬಟ್ಟೆ ಚೀಲ. ಚೀಲದಲ್ಲಿ ಮೀನು ಮಾರುವವರು ಇಟ್ಟುಕೊಳ್ಳುತ್ತಾರಲ್ಲ, ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ, ಅದು. ಕೇಂದ್ರಕ್ಕೆ ಬಂದವರೇ ಕಸದ ಬುಟ್ಟಿಯನ್ನು ಕೊಕ್ಕೆಗೆ ನೇತು ಹಾಕಿ ಎತ್ತಿ ಹಿಡಿದು, ಕನ್ನಡಕ ಹಣೆಗೇರಿಸಿ, ಮುಳ್ಳು ನೋಡುವರು. ಆಮೇಲೆ ಬುಟ್ಟಿಯ ತೂಕ ಕಳೆದು ಬರೆದುಕೊಳ್ಳುವರು.

ಯಾಕೆ ಬುಟ್ಟಿ? ಕಾಗದ ಇಲ್ಲ ಅಂತ ಬೋರ್ಡಿದ್ದರೂ ಒಂದು ಅರ್ಜಿಗೆ ಮೂರು ಪ್ರಿಂಟು ತೆಗೆಯುತ್ತೇವೆ. ಒಂದರಲ್ಲಿ ಅಪ್ಪನ ಹೆಸರು ತಪ್ಪು, ಇನ್ನೊಂದರಲ್ಲಿ ಊರಿನ ಹೆಸರು ತಪ್ಪು. ಎರಡು ಬುಟ್ಟಿಗೆ, ಒಂದು ಕೈಗೆ. “ಬೋರ್ಡಿಗಿಂತ ಬುಟ್ಟಿಗೆ ಹೆಚ್ಚು ಗೊತ್ತಿರುತ್ತೆ” ಅನ್ನುತ್ತಿದ್ದರು.

ಪಕ್ಕದಲ್ಲಿ ಬೋಂಡ ಅಂಗಡಿ. ಅದರ ಯಜಮಾನ ನನ್ನ ಓರಗೆಯವನು. ಮೊದಲ ದಿನ ತಕ್ಕಡಿ ನೋಡಿ ಕೇಳಿಯೇಬಿಟ್ಟ: “ಸಾ, ಅಳೇ ಪೇಪರ್ ಎಂಗ್ ತಗತೀರಾ?” ಅವತ್ತಿಂದ ಅವನ ಬಾಯಲ್ಲಿ ಅವರು ಗುಜರಿ ಮೇಷ್ಟ್ರು. ನಾನೂ ಅವರ ಬೆನ್ನ ಹಿಂದೆ ಹಾಗೇ ಕರೆದು ನಕ್ಕಿದ್ದೇನೆ. ಸುಳ್ಳು ಯಾಕೆ ಹೇಳಲಿ.

ಅವರು ಶುರು ಮಾಡಿದ್ದು ತಕ್ಕಡಿಯಿಂದ ಅಲ್ಲ, ಫಾರಂನಿಂದ. ಸೇವೆ ಹೇಗಿದೆ, ಒಂದರಿಂದ ಐದರವರೆಗೆ ಅಂಕ ಕೊಡಿ ಅನ್ನುವ ಫಾರಂ. ನಾಗಮಂಗಲದ ಬಸ್‌ಸ್ಟ್ಯಾಂಡಿನಲ್ಲಿ ರಾಗಿ ಚೀಲದ ಮೇಲೆ ಕೂತಿದ್ದ ಒಬ್ಬ ಮುದುಕಿಯ ಹತ್ತಿರ ಹೋಗಿದ್ದಾರೆ. ಇದನ್ನು ಅವರೇ ನನಗೆ ಹೇಳಿದ್ದು.

“ಇದೇನಪ್ಪ ಮಾರ್ಕು?”

“ಚೆನ್ನಾಗಿದ್ರೆ ಐದು ಕೊಡಿ ಅಮ್ಮ, ಚೆನ್ನಾಗಿಲ್ಲ ಅಂದ್ರೆ ಒಂದು.”

ಮುದುಕಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ ಅಂದಳಂತೆ: “ಎಲ್ಲಾಕೂ ಐದೈದೇ ಆಕ್ಕೊ ಬುಡು. ಪಾಪ, ತಲೆ ನರೆತೋಗದೆ, ಇನ್ನೂವೆ ಪರೀಕ್ಸೆ ಕಟ್ಟಕ್ಕೆ ಓಡಾಡ್ತಾವ್ನೆ. ನಮ್ಮಿಂದ್ಲೇ ಯಾಕ್ ಫೇಲಾಗ್ಬೇಕು?”

ಆ ವಾರ ತುಂಬಿಸಿದ್ದ ಅಷ್ಟೂ ಫಾರಂ ತೆಗೆದು ನೋಡಿದರೆ ಎಲ್ಲದರಲ್ಲೂ ಐದು. ನಮ್ಮ ಕಡೆಯ ಜನ ಹಾಗೇ. ಬಂದವರ ಮುಖಕ್ಕೆ ಚೆನ್ನಾಗಿಲ್ಲ ಅಂತ ಯಾರು ಹೇಳುತ್ತಾರೆ? ಮೇಷ್ಟ್ರು ಆ ಕಟ್ಟನ್ನೇ ಬದಿಗಿಟ್ಟರು. ಆಮೇಲೆ ಕೇಳುತ್ತಿದ್ದುದು ಎರಡೇ. ಈ ಕೆಲಸಕ್ಕೆ ಇದು ಎಷ್ಟನೇ ಸಲ ಬಂದದ್ದು? ಈಗ ಕೈಯಲ್ಲಿ ಏನು ಹಿಡ್ಕೊಂಡು ಹೋಗ್ತಿದ್ದೀರಿ? “ಈ ಎರಡಕ್ಕೆ ಮುಲಾಜಿನಿಂದ ಉತ್ತರ ಕೊಡೋಕಾಗಲ್ಲ ನೋಡಿ” ಅಂತ ಅವರಿಗೆ ಬಲು ಖುಷಿ.

ಕೆ.ಆರ್. ಪೇಟೆಯಲ್ಲಿ ಇನ್ನೊಂದು. ಅಲ್ಲಿನ ಕೇಂದ್ರದಲ್ಲಿ ಮಧ್ಯಾಹ್ನವಾದರೆ ಕಂಪ್ಯೂಟರ್ ಆಫ್ ಆಗುತ್ತಿತ್ತು. ಸೋಲಾರ್ ಸರಿ ಇಲ್ಲ ಅಂತ ಕಂಪನಿಯವನನ್ನು ಕರೆಸಿ ಬೈದೂ ಆಗಿತ್ತು. ಮೇಷ್ಟ್ರು ಏಣಿ ಹತ್ತಿದರು. ನೋಡಿದರೆ ಫಲಕದ ತುಂಬ ಬಿಳಿ ಪಂಚೆ ಹಾಸಿ ಅಕ್ಕಿ ಸಂಡಿಗೆ! ಕೇಂದ್ರದವನ ಹೆಂಡತಿ ಕೆಳಗಿಂದ ಕೂಗಿದಳಂತೆ: “ಬಿಸ್ಲು ಚೆಂದಾಗಿ ಬೀಳೋ ಜಾಗ ಅಂತ ನಿಮ್ಮೋರೇ ಅಲ್ವಾ ಸಾ ಉಡುಕಿ ಆಕ್ಸಿದ್ದು? ಕಾಗೇನೂ ಬರಕ್ಕಿಲ್ಲ ಅಲ್ಲಿ!”

ಬೇರೆಯವರಾಗಿದ್ದರೆ ರೇಗುತ್ತಿದ್ದರು. ಇವರು ಸಂಡಿಗೆ ಎಷ್ಟು ಹೊತ್ತಿಗೆ ಹಾಕ್ತೀರಿ, ಎಷ್ಟು ಹೊತ್ತಿಗೆ ತೆಗೀತೀರಿ ಅಂತ ಕೇಳಿ ಬರೆದುಕೊಂಡು, ಕರಿದ ಸಂಡಿಗೆ ಒಂದು ಡಬ್ಬಿ ಹಿಡಿದುಕೊಂಡು ಬಂದರು. ಮುಂದಿನ ಮಂಗಳವಾರ ನನ್ನ ಮೇಜಿನ ಮೇಲಿಟ್ಟು, “ತಗೊಳಿ, ಸೋಲಾರ್ ಸಂಡಿಗೆ” ಅಂದರು.

ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಿದ್ದರೆ ಅವರಿಗೆ ಕೂತಲ್ಲಿ ಕೂರೋಕಾಗುತ್ತಿರಲಿಲ್ಲ. ಮಾತಾಡುತ್ತಲೇ ಎದ್ದು ಹೋಗಿ ಆರಿಸಿ, ಮಾತು ಮುಂದುವರಿಸುತ್ತಾ ಬಂದು ಕೂರುವರು. ಯಾರಾದರೂ ಒಳಗೆ ಬಂದರೆ ಮತ್ತೆ ಎದ್ದು ಹಾಕುವರು. ಎಲ್ಲರಿಗೂ ನೀವು, ಬನ್ನಿ. ನನಗಿಂತ ಎಷ್ಟೋ ದೊಡ್ಡವರು, ನನ್ನನ್ನು ಒಂದು ದಿನವೂ ಏಕವಚನದಲ್ಲಿ ಕರೆಯಲಿಲ್ಲ.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ.

ಮೊದಲ ಸಲ ಬರುವ ಹಿಂದಿನ ದಿನ ಫೋನ್ ಮಾಡಿದ್ದರು. “ನಾಳೆ ಬರ್ತೀನಿ. ಕೇಂದ್ರ ಹೇಗಿದೆಯೋ ಹಾಗೇ ಇರಲಿ. ಮುಖ್ಯವಾಗಿ ಕಸದ ಬುಟ್ಟಿ, ಅದನ್ನ ಖಾಲಿ ಮಾಡ್ಬೇಡಿ.”

ನೀವೇ ಹೇಳಿ. ನೆಂಟರು ಫೋನ್ ಮಾಡಿ, ನಾವು ಬರ್ತಿದ್ದೀವಿ, ಏನೂ ಮಾಡ್ಬೇಡಿ, ಬರೀ ಅನ್ನ–ಸಾರು ಸಾಕು ಅಂದರೆ ಯಾರಾದರೂ ಅನ್ನ–ಸಾರು ಮಾಡಿ ಕೂರುತ್ತಾರಾ? ನಾನೂ ಅದನ್ನು ದೊಡ್ಡ ಮನುಷ್ಯರ ಮುಲಾಜಿನ ಮಾತು ಅಂದುಕೊಂಡೆ. ಬೆಳಿಗ್ಗೆ ಬೇಗ ಹೋಗಿ ಕಸ ಗುಡಿಸಿ, ಬಾಗಿಲಿಗೆ ನೀರು ಹಾಕಿ, ಬುಟ್ಟಿ ತುಂಬಿ ಉಕ್ಕುತ್ತಿದ್ದ ಕಾಗದವನ್ನೆಲ್ಲ ಪಕ್ಕದ ಬೋಂಡ ಅಂಗಡಿಗೆ ಕೊಟ್ಟೆ. ಅವನಿಗೆ ಪೊಟ್ಟಣಕ್ಕೆ ಆಯ್ತು, ನನಗೆ ಎರಡು ಬೋಂಡ ಸಿಕ್ಕಿತು. ಅಷ್ಟೇ. ಅವತ್ತು ನನ್ನ ಮನಸ್ಸಿನಲ್ಲಿ ಮೋಸ ಇರಲಿಲ್ಲ.

ಮೇಷ್ಟ್ರು ಬಂದು ಬುಟ್ಟಿ ಎತ್ತಿದರು. ಮುಳ್ಳು ಖಾಲಿ ಬುಟ್ಟಿಯ ತೂಕ ದಾಟಿ ಅಲ್ಲಾಡಲೇ ಇಲ್ಲ.

“ಇದು ಒಂದು ವಾರದ್ದಾ?”

ಆಗ ಹೇಳಬಹುದಿತ್ತು. ಸಾ, ನೀವು ಬತ್ತೀರಿ ಅಂತ ಬೆಳಿಗ್ಗೆ ಖಾಲಿ ಮಾಡ್ಬುಟ್ಟೆ ಅಂದಿದ್ದರೆ ಅವರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ, ಮುಂದಿನ ವಾರ ಸರಿಯಾಗಿ ತೂಗುತ್ತಿದ್ದರು. ಆದರೆ ಅವರ ಮುಖ ನೋಡಿದೆ. ಅಷ್ಟು ಸಂತೋಷವನ್ನು ನನ್ನ ಕೇಂದ್ರ ನೋಡಿ ಯಾರೂ ಪಟ್ಟಿರಲಿಲ್ಲ.

“ಊಂ ಸಾ. ಇಷ್ಟೇಯ” ಅಂದೆ.

ಅಲ್ಲಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಬುಟ್ಟಿ ಖಾಲಿ ಮಾಡುವುದೇ ನನ್ನ ಮೊದಲ ಕೆಲಸ. ಪೂರ್ತಿ ಖಾಲಿ ಮಾಡಿದರೆ ಅನುಮಾನ ಬರುತ್ತೆ ಅಂತ ಒಂದು ಹಿಡಿ ಚೂರು ಉಳಿಸುವಷ್ಟು ಬುದ್ಧಿಯೂ ಬಂತು. ಅದು ಮುಲಾಜಲ್ಲ, ಅದು ಮೋಸ. ಎರಡರ ನಡುವೆ ಎಲ್ಲಿ ದಾಟಿದೆ ಅಂತ ಈಗ ಕೇಳಿದರೆ ನನಗೆ ಗೊತ್ತಿಲ್ಲ. ಮೂರನೆಯ ವಾರವೋ, ನಾಲ್ಕನೆಯದೋ.

ಮೇಷ್ಟ್ರಿಗೆ ಆಶ್ಚರ್ಯ. ಉಳಿದ ಮೂರು ಊರಿನಲ್ಲೂ ಹಸಿರು ಬೋರ್ಡು ಹಾಕಿದ ಮೇಲೆ ಕಾಗದ ಜಾಸ್ತಿಯೇ ಆಗಿತ್ತು. ಮೆಸೇಜನ್ನು ಜನ ನಂಬುವುದಿಲ್ಲ, ಕೈಗೊಂದು ಹಾಳೆ ಬೇಕು. ಪಾಂಡವಪುರದಲ್ಲಿ ಮಾತ್ರ ಯಾಕಿಲ್ಲ? ಅದನ್ನು ಕಂಡುಹಿಡಿಯೋಕೆ ನನ್ನ ಪಕ್ಕ ಸ್ಟೂಲ್ ಹಾಕಿಕೊಂಡು ಗಂಟೆಗಟ್ಟಲೆ ಕೂತರು. ನನಗೆ ಬಾಯಿ ಜಾಸ್ತಿ, ನಿಮಗೇ ಗೊತ್ತು. ಬಂದವರ ಮೊಬೈಲ್ ಇಸಿದುಕೊಂಡು ಮೆಸೇಜು ಜೋರಾಗಿ ಓದಿ ಹೇಳುತ್ತಿದ್ದೆ. “ನೋಡವ್ವ, ನಿನ್ ಅರ್ಜಿ ಓಗದೆ, ನಂಬರ್ ಇದು, ಇನ್ನೊಂದ್ ವಾರ ಬುಟ್ಟು ಬಾ” ಅಂತ. ಅದು ನಿಜ. ಮೇಷ್ಟ್ರಿಗೆ ಕಾರಣ ಸಿಕ್ಕಿಬಿಟ್ಟಿತು.

“ನೀವು ಓದಿ ಹೇಳ್ತೀರಿ. ಅವರು ನಿಮ್ಮನ್ನ ನಂಬ್ತಾರೆ. ನಂಬಿಕೆ ಇದ್ದರೆ ಕಾಗದ ಬೇಡ ಕಣ್ರೀ! ಫಲಕ, ಕಂಪ್ಯೂಟರ್ ಇವೆಲ್ಲ ಆಮೇಲಿನದು.”

ಎಂಥ ಚೆಂದದ ಮಾತು ನೋಡಿ. ಅದರ ಕೆಳಗಿದ್ದದ್ದು ನನ್ನ ಖಾಲಿ ಬುಟ್ಟಿ.

ಪ್ರಿಂಟರಿನ ಒಳಗಿನ ಲೆಕ್ಕ ನೋಡಬಹುದಿತ್ತಲ್ಲ ಅಂತ ತಿಳಿದವರು ಕೇಳುತ್ತೀರಿ. ನೋಡಿದರು. ನನ್ನ ಹತ್ತಿರ ಎರಡು ಪ್ರಿಂಟರ್ ಇದ್ದವು. ಒಂದನ್ನು ಪರದೆಯ ಹಿಂದೆ ಇಟ್ಟು, ಹೆಚ್ಚಿನ ಪ್ರಿಂಟು ಅದರಲ್ಲೇ ತೆಗೆಯುತ್ತಿದ್ದೆ.

ತಮ್ಮ ಕಾಲೇಜಿನಲ್ಲಿ ಒಂದು ಸಭೆ ಮಾಡಿ ನನ್ನನ್ನು ಕರೆಸಿದರು. ಶಾಲು ಹೊದಿಸಿದರು. ಅವರ ಗೈಡು, ಬೇರೆ ಊರಿನ ಪ್ರೊಫೆಸರುಗಳು, ಎಲ್ಲ ಮುಂದಿನ ಸಾಲಿನಲ್ಲಿ. ಮೇಷ್ಟ್ರು ಮೈಕಿನಲ್ಲಿ ಅಂದರು: “ಇಲ್ಲಿ ಕಾಗದ ಉಳಿಸಿದ್ದು ತಂತ್ರಜ್ಞಾನ ಅಲ್ಲ, ಈ ಮನುಷ್ಯನ ಬಾಯಿ.” ಜನ ಚಪ್ಪಾಳೆ ತಟ್ಟಿದರು. ನನ್ನ ಹೆಂಡತಿ ಫೋಟೋ ತೆಗೆದಳು. ಆ ಫೋಟೋ ನಾನು ಇಲ್ಲೇ ಹಾಕಿದ್ದೆ, ನೀವೇ ಎಷ್ಟೋ ಜನ ಮೆಚ್ಚಿದ್ದಿರಿ. ಇವತ್ತು ಬೆಳಿಗ್ಗೆ ತೆಗೆದುಹಾಕಿದ್ದೇನೆ.

ಸಭೆಯಾದ ಮೇಲೆ ನನಗೆ ಭಯ ಜಾಸ್ತಿಯಾಯಿತು. ಮಂಗಳವಾರ ಮೇಷ್ಟ್ರು ಕೂತಿರುವಾಗ ಯಾರೂ ಪ್ರಿಂಟು ಕೇಳಬಾರದು. ಕೇಳಿದರೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳುತ್ತಿದ್ದೆ: “ಇಂಕು ಮುಗ್ದೋಗದೆ, ನಾಳೀಕ್ ಬಾ.” ಕೆಲವರು ಮೂರು ಮೂರು ಬಸ್ಸು ಬದಲಾಯಿಸಿ ಬಂದವರು. ಕಾಗದ ಉಳಿಸೋಕೆ ಮನುಷ್ಯರನ್ನು ಎರಡೆರಡು ಸಲ ಓಡಾಡಿಸಿದೆ. ಯಾವುದನ್ನು ಕೊಂದು ಯಾವುದನ್ನು ಉಳಿಸುತ್ತೇವೆ ಅಂತ ಅವರು ಹುಡುಕುತ್ತಿದ್ದರೋ, ಅದನ್ನೇ ಅವರ ಬೆನ್ನ ಹಿಂದೆ ನಿಂತು ನಾನು ಮಾಡುತ್ತಿದ್ದೆ.

ಹೀಗೆ ಒಂದು ಮಂಗಳವಾರ ವಿಧವಾ ಪಿಂಚಣಿಯ ಮಂಜೂರಾತಿ ಪತ್ರಕ್ಕೆ ಒಬ್ಬ ಹೆಂಗಸು ಬಂದಳು. ವಯಸ್ಸಾದವಳು, ಹಳ್ಳಿಯವಳು. ಮಿಷನ್ ಕೆಟ್ಟಿದೆ ಅಂತ ಕಳಿಸಿದೆ. ಮೇಷ್ಟ್ರೂ ಸ್ವಲ್ಪ ಹೊತ್ತಿಗೆ ಟೀ ಕುಡಿದು ಬರ್ತೀನಿ ಅಂತ ಹೊರಗೆ ಹೋದರು. ಮುಂದಿನದು ನಾನು ನೋಡಿದ್ದಲ್ಲ, ಬೋಂಡ ಅಂಗಡಿಯವನು ಸಂಜೆ ಬಂದು ಹೇಳಿದ್ದು.

ಆ ಹೆಂಗಸು ಬಸ್ಸಿಗೆ ಕಾಯುತ್ತಾ ಅಂಗಡಿಯ ಬೆಂಚಿನಲ್ಲಿ ಕೂತು ಬೋಂಡ ತಗೊಂಡಿದ್ದಾಳೆ. ಪಕ್ಕದಲ್ಲೇ ಮೇಷ್ಟ್ರು. ಬೋಂಡ ತಿಂದು ಪೊಟ್ಟಣ ಬಿಡಿಸಿದರೆ ಒಂದು ಆದಾಯ ಪತ್ರದ ಅರ್ಜಿ. ಮೇಲೆ ಯಾರದೋ ಫೋಟೋ, ಕೆಳಗೆ ನನ್ನ ಕೇಂದ್ರದ ಸೀಲು. ಅವಳಿಗೆ ಓದು ಬರದಿದ್ದರೂ ಸೀಲು ಗೊತ್ತು, ಅವಳ ಅರ್ಜಿಯ ಮೇಲೂ ಅದೇ ಇತ್ತು.

“ಅಲ್ಲಾ ಕಣಪ್ಪ,” ಅಂದಳಂತೆ ಅಂಗಡಿಯವನಿಗೆ, “ನಂಗೆ ಒಂದೇ ಒಂದ್ ಆಳೆ ಕೊಡಕ್ಕೆ ಅವ್ನ ಮಿಷನ್ನು ಕೆಟ್ಟೋಗದೆ. ನಿನ್ ಬೋಂಡ ಕಟ್ಟಕ್ಕೆ ಕಟ್ಟುಗಟ್ಲೆ ಕೊಟ್ಟವ್ನಲ್ಲ! ನಾನೂ ಬೋಂಡನೇ ಆಗ್ಬೇಕಿತ್ತೇನೋ.”

ಸುತ್ತ ಕೂತವರೆಲ್ಲ ನಕ್ಕರಂತೆ. ಮೇಷ್ಟ್ರು ನಗಲಿಲ್ಲವಂತೆ. ಆ ಹಾಳೆ ಇಸಿದುಕೊಂಡು ಎರಡೂ ಕಡೆ ನೋಡಿ, “ಇವು ಎಷ್ಟಿವೆ ನಿಮ್ಮ ಹತ್ರ?” ಅಂತ ಕೇಳಿದ್ದಾರೆ. ಅಂಗಡಿಯವನಿಗೆ ಇದರಲ್ಲೇನು ಗುಟ್ಟು? ಗೂಡಿನಿಂದ ದೊಡ್ಡ ಕಟ್ಟು ತೆಗೆದು ತೋರಿಸಿ, “ಮಂಗ್ಳಾರ್ ಮಂಗ್ಳಾರ ಬತ್ತದೆ ಸಾ, ಬೆಳಿಗ್ಗೆ ಬೆಳಿಗ್ಗೆನೇ. ಒಳ್ಳೇ ದಪ್ಪ ಪೇಪರ್ರು, ಎಣ್ಣೆ ಇಳಿಯಕ್ಕಿಲ್ಲ” ಅಂದಿದ್ದಾನೆ.

ಮೇಷ್ಟ್ರು ಕೇಂದ್ರಕ್ಕೆ ವಾಪಸ್ ಬರಲಿಲ್ಲ. ಅವರ ಚೀಲ ನನ್ನ ಸ್ಟೂಲಿನ ಮೇಲೇ ಇತ್ತು. ಮಾರನೆಯ ದಿನ ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಮೊದಲ ಬಸ್ಸಿಗೇ ಬಂದು, ಮನೆಯಿಂದ ಹೊತ್ತು ತಂದಿದ್ದ ಎರಡು ಕಟ್ಟು ಹಳೇ ದಿನಪತ್ರಿಕೆಯನ್ನು ಬೋಂಡ ಅಂಗಡಿಗೆ ಕೊಟ್ಟು, ಅಷ್ಟೂ ಅರ್ಜಿಗಳನ್ನು ಇಸಿದುಕೊಂಡು ಹೋಗಿದ್ದಾರೆ. ಅದರಲ್ಲಿ ಜನರ ಫೋಟೋ ಇದೆ, ನಂಬರ್ ಇದೆ, ಯಾರ ಮನೆಯಲ್ಲಿ ಎಷ್ಟು ಆದಾಯ, ಯಾರು ಗಂಡನನ್ನು ಕಳೆದುಕೊಂಡವರು ಎಲ್ಲ ಇದೆ. ನನಗೆ ಅದು ಹೊಳೆದಿರಲೇ ಇಲ್ಲ ಅಂದರೆ ನಂಬುತ್ತೀರಾ? ನನಗೆ ಅದು ಬರೀ ಕಾಗದ ಆಗಿತ್ತು.

“ನಿಮ್ ಗುಜರಿ ಮೇಷ್ಟ್ರು ಕೊನೆಗೂ ಯಾಪಾರ ಸುರು ಅಚ್ಕಂಡ್ರು ಕಣ್ಲಾ” ಅಂತ ಅಂಗಡಿಯವನು ಬಂದು ನಕ್ಕ.

ಒಂದು ವಾರ ಕಾದೆ. ಬಂದು ಬೈಯುತ್ತಾರೆ, ಬೈಯಲಿ, ಕಾಲು ಹಿಡಿದುಬಿಡೋಣ ಅಂತ ಮಾತು ಜೋಡಿಸಿಕೊಂಡಿದ್ದೆ. ಮಂಗಳವಾರ ಬಂದರು. ಅದೇ ಬಿಳಿ ಅಂಗಿ. ಸ್ಟೂಲಿನ ಮೇಲಿದ್ದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡರು, ತಕ್ಕಡಿ ಹೊರಗೆ ತೆಗೆಯಲಿಲ್ಲ. ಅವತ್ತು ನಾನು ಬುಟ್ಟಿ ಖಾಲಿ ಮಾಡಿರಲಿಲ್ಲ, ತುಂಬಿತ್ತು. ಅದರ ಕಡೆ ನೋಡಲೇ ಇಲ್ಲ.

“ಆ ಅಮ್ಮನಿಗೆ ಪತ್ರ ಕೊಟ್ರಾ?” ಅಂತ ಕೇಳಿದರು.

“ಕೊಟ್ಟೆ ಸಾ. ಮಾರ್ನೆ ದಿನಾನೇ ಬಂದಿದ್ರು.”

“ಒಳ್ಳೇದು” ಅಂದರು. ಖಾಲಿ ಕುರ್ಚಿಯ ಮೇಲೆ ಫ್ಯಾನು ತಿರುಗುತ್ತಿತ್ತು. ಹೋಗುವಾಗ ಅದನ್ನು ಆರಿಸಿ ಹೋದರು. ಮತ್ತೆ ಬರಲಿಲ್ಲ.

ನಾನೂ ಹೋಗಲಿಲ್ಲ. ಪಾಂಡವಪುರದಿಂದ ಶ್ರೀರಂಗಪಟ್ಟಣ ಎಷ್ಟು ದೂರ? ಸಾಮಾನು ತರೋಕೆ, ಮದುವೆ–ಮುಂಜಿಗೆ, ಹೊಳೆಗೆ ಸ್ನಾನಕ್ಕೆ ಅಂತ ಲೆಕ್ಕವಿಲ್ಲದಷ್ಟು ಸಲ ಹೋಗಿದ್ದೇನೆ. ಅವರ ಬೀದಿಯ ತುದಿಗೆ ಬಂದು ಗಾಡಿ ತಿರುಗಿಸಿಕೊಂಡು ಬಂದಿದ್ದೂ ಇದೆ. ಹೋಗ್ಲಿ ಬಿಡು, ಅವರು ನಮ್ಮ ಕೇಂದ್ರ ಬಿಟ್ಟು ಬೇರೆ ನೋಡ್ಕೊಂಡಿರ್ತಾರೆ, ಪಿಎಚ್‌ಡಿ ಮುಗಿಸಿರ್ತಾರೆ ಅಂತ ನನಗೆ ನಾನೇ ಹೇಳಿಕೊಂಡೆ. ವರ್ಷಗಳು ಹೋದವು.

ನಾಲ್ಕು ತಿಂಗಳ ಹಿಂದೆ ಅವರು ಹೋದ ಸುದ್ದಿ ಬಂತು. ವೈಕುಂಠ ಸಮಾರಾಧನೆಗೆ ಹೋದೆ. ಎಲೆ ಮುಂದೆ ಕೂತಿದ್ದೇನೆ. ನನ್ನ ಪಕ್ಕ ಅವರ ಕಾಲೇಜಿನ ಇಬ್ಬರು.

“ಒಳ್ಳೆಯವರು ಪಾಪ. ಆದ್ರೆ ಆ ರಿಸರ್ಚಲ್ಲಿ ಹಾಗೆ ಮಾಡ್ಬಾರದಿತ್ತು.”

“ನಾಲ್ಕು ಸೆಂಟರ್ ಅಳತೆ ತಗೊಂಡು, ಒಂದನ್ನ ಸ್ಟೇಜ್ ಮೇಲೆ ಮೆರೆಸಿ, ಆಮೇಲೆ ಅದನ್ನೇ ಕಿತ್ತು ಹಾಕಿದ್ರೆ ಯಾರು ಒಪ್ತಾರೆ? ಕಮಿಟಿಯವರು ಕಾರಣ ಕೇಳಿದ್ರೆ ಹೇಳೋದಿಲ್ಲ! ನಂಬರ್ ಜೊತೆ ಆಟ ಆಡಿದ್ದಾರೆ ಅಂತಲೇ ಅಲ್ವಾ ಅರ್ಥ?”

“ಡಾಕ್ಟರೇಟೂ ಹೋಯ್ತು, ಮಾನವೂ ಹೋಯ್ತು.”

ನನ್ನ ಬಾಯಲ್ಲಿ ತುತ್ತಿತ್ತು. ಉಗುಳೋಕಾಗಲ್ಲ, ನುಂಗೋಕಾಗಲ್ಲ. ಅವರು ಪಿಎಚ್‌ಡಿ ಮುಗಿಸಲೇ ಇಲ್ಲ ಅನ್ನುವುದು ನನಗೆ ಗೊತ್ತಾದದ್ದು ಹಾಗೆ, ಅವರ ಮನೆಯ ಎಲೆಯ ಮುಂದೆ. ಆ ಇಬ್ಬರ ಕಡೆ ತಿರುಗಿ, ಆ ಸೆಂಟರಿನವನು ನಾನೇ ಅಂತ ಹೇಳಬೇಕಿತ್ತು. ಹೇಳಲಿಲ್ಲ. ನುಂಗಿದೆ.

ಬಡಿಸುತ್ತಾ ಮೇಷ್ಟ್ರ ಹೆಂಡತಿ ಬಂದರು. ನನ್ನ ಮುಂದೆ ನಿಂತು, “ಪಾಂಡವಪುರದವರಲ್ವಾ?” ಅಂದರು. ಆಕೆ ನನ್ನನ್ನು ನೋಡಿದ್ದು ಆ ಸಭೆಯಲ್ಲಿ ಒಂದೇ ಸಲ.

“ಊಂ ತಾಯಿ.”

“ಅವರಿಗೆ ನಿಮ್ಮ ಮೇಲೆ ಕೋಪ ಇರ್ಲಿಲ್ಲ. ‘ಬುಟ್ಟಿ ತೂಗೋಕೆ ಬರ್ತೀನಿ ಅಂತ ಮೊದಲೇ ಫೋನ್ ಮಾಡಿ ಹೇಳಿದ್ದು ನಾನು. ಹೇಳದೇ ಹೋಗ್ಬೇಕಿತ್ತು. ಸುಳ್ಳು ಹೇಳೋ ಅವಕಾಶ ನಾನೇ ಕೊಟ್ಟೆ’ ಅಂತಿದ್ರು. ‘ಬೋಂಡದ ವಿಷಯ ಬರೆದ್ರೆ ಆ ಮನುಷ್ಯನ ಲಾಗಿನ್ ಹೋಗುತ್ತೆ, ಮನೆ ನಡೆಯೋದು ಅದರಲ್ಲೇ’ ಅಂತ್ಲೂ ಅಂದ್ರು. ಅದಕ್ಕೇ ನಾನೂ ಯಾರಿಗೂ ಹೇಳಿಲ್ಲ. ಇನ್ನೊಂದು ಹೋಳಿಗೆ ಹಾಕ್ಲಾ?”

ಎಲ್ಲ ಗೊತ್ತಿದ್ದೂ ಆಕೆ ನನಗೆ ಬಡಿಸುತ್ತಿದ್ದರು. ನಾನು ಬೇಡ ಅನ್ನಲೂ ಇಲ್ಲ. ಹಾಕಿದರು, ತಿಂದೆ.

ಕೈ ತೊಳೆಯುವಾಗ ಒಬ್ಬ ಹೆಣ್ಣುಮಗಳು ಬಂದು ಪರಿಚಯ ಹೇಳಿಕೊಂಡಳು. ಮೇಷ್ಟ್ರ ವಿದ್ಯಾರ್ಥಿಯಾಗಿದ್ದವಳು, ಈಗ ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಮೇಷ್ಟ್ರು ಬಿಟ್ಟ ಕೆಲಸವನ್ನು ಅವಳು ಮುಂದುವರಿಸುತ್ತಿದ್ದಾಳೆ. ಹೊಲಿದ ನೋಟ್‌ಬುಕ್ಕುಗಳೆಲ್ಲ ಅವಳ ಹತ್ತಿರ ಇವೆ. ಮೊಬೈಲಿನಲ್ಲಿ ಒಂದು ಪುಟ ತೋರಿಸಿದಳು. ಪಾಂಡವಪುರ ಅಂತ ಇದ್ದ ಸಾಲುಗಳ ಮೇಲೆಲ್ಲ ಪೆನ್ಸಿಲ್ಲಿನಲ್ಲಿ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಬರೆದಿದ್ದರು: “ಅಳತೆ ತಪ್ಪು. ತಪ್ಪು ನನ್ನದು. ಬಿಟ್ಟಿದ್ದೇನೆ.”

“ಏನಾಗಿತ್ತು ಸರ್ ಅಲ್ಲಿ? ಅವರು ಅಳತೆ ತಪ್ಪೋರಲ್ಲ. ನಿಮಗೆ ಗೊತ್ತಿರುತ್ತಲ್ಲ?”

“ಅಳೇದು, ನೆನಪಿಲ್ಲ. ಫೈಲ್ ನೋಡಿ ಹೇಳ್ತೀನಿ” ಅಂದೆ.

ಇನ್ನೊಂದು ಸುಳ್ಳು. ಅವರ ಮನೆಯ ಅಂಗಳದಲ್ಲಿ, ಅವರ ಮನೆಯ ನೀರಿನಲ್ಲಿ ಕೈ ತೊಳೆಯುತ್ತಾ.

ಆಮೇಲೆ ಅವಳು ಎಷ್ಟೋ ಸಲ ಫೋನ್ ಮಾಡಿದಳು. ಸರ್ವರ್ ಇಲ್ಲ, ಹಳೇ ಕಂಪ್ಯೂಟರ್ ಕೆಟ್ಟಿದೆ, ಮಗಳಿಗೆ ಜ್ವರ. ನಾನು ಹೇಳದ ನೆಪ ಇಲ್ಲ. ಹೋದ ವಾರ ಅವಳು ಕೊನೆಗೆ ಒಂದು ಮಾತು ಅಂದಳು. “ಸರ್, ಕಾರಣ ಸಿಗದಿದ್ರೆ ನಾನೂ ಪಾಂಡವಪುರ ಬಿಟ್ಟೇ ಬರೀಬೇಕು. ನನ್ನನ್ನೂ ಕಮಿಟಿ ಅದನ್ನೇ ಕೇಳುತ್ತೆ. ನಾನು ನಮ್ಮ ಸರ್ ಥರ ಸುಮ್ನಿರಲ್ಲ. ಅವರು ಯಾಕೆ ಬಿಟ್ರೋ ನನಗೆ ಗೊತ್ತಿಲ್ಲ ಅಂತಲೇ ಬರೀತೀನಿ. ಬೇರೆ ದಾರಿ ಇಲ್ಲ.”

ಅಂದರೆ ಆ ಊಟದ ಸಾಲಿನ ಮಾತು ಇನ್ನು ಅಚ್ಚಾಗುತ್ತದೆ. ಅವರ ಶಿಷ್ಯೆಯ ಕೈಯಲ್ಲೇ.

ಇವತ್ತು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲು ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬುಟ್ಟಿ, ಪರದೆ ಹಿಂದಿನ ಪ್ರಿಂಟರು, ಬೋಂಡ ಅಂಗಡಿ, ಇಂಕು ಮುಗಿದಿದೆ ಅಂತ ಕಳಿಸಿದ ಜನ. ಅವಳು ಬೈಯಲಿ ಅಂತ ಕಾದೆ. ಬೈಯಲಿಲ್ಲ.

“ಇದನ್ನ ಬರೆದು ಕೊಡ್ತೀರಾ ಸರ್? ಎಲ್ಲರೂ ನೋಡೋ ಹಾಗೆ?”

ಕೊಡ್ತೀನಿ ಅಂದೆ. ಬರೆದದ್ದು ಇದೇ. ಕೇಂದ್ರದ ಲಾಗಿನ್ ಹೋಗಬಹುದು, ಹೆಂಡತಿಗೆ ಹೇಳಿದ್ದೇನೆ. ಅವಳು ಒಳಗೆ ಹೋಗಿ ಮನೆ ಖರ್ಚಿನ ಲೆಕ್ಕ ಬರೆಯುತ್ತಾ ಕೂತಿದ್ದಾಳೆ. ನಾನು ನಿಮ್ಮ ಹತ್ತಿರ ಸಮಾಧಾನದ ಮಾತು ಕೇಳೋಕೆ ಬಂದಿಲ್ಲ. ದೊಡ್ಡ ಮನಸ್ಸು, ಒಪ್ಪಿಕೊಂಡ್ರಲ್ಲ ಅಂತೆಲ್ಲ ದಯವಿಟ್ಟು ಬರೆಯಬೇಡಿ. ಮೇಷ್ಟ್ರು ಇದ್ದಾಗ ಒಪ್ಪಿಕೊಳ್ಳದವನು ಈಗ ಒಪ್ಪಿಕೊಂಡರೆ ಅದಕ್ಕೆ ದೊಡ್ಡ ಮನಸ್ಸು ಬೇಕಾಗಿಲ್ಲ.

ಬೇಕಾಗಿರುವುದು ಬೇರೆ. ಆಗ ನಮ್ಮ ಕೇಂದ್ರಕ್ಕೆ ಬಂದಿದ್ದವರು ಇದನ್ನು ಓದುತ್ತಿದ್ದರೆ ಕೆಳಗೆ ಬರೆಯಿರಿ. ಯಾವ ಕೆಲಸಕ್ಕೆ ಬಂದಿರಿ, ಎಷ್ಟು ಹಾಳೆ ಹಿಡಿದುಕೊಂಡು ಹೋದಿರಿ, ನಾನು ಏನು ನೆಪ ಹೇಳಿ ವಾಪಸ್ ಕಳಿಸಿದೆ, ನೆನಪಿದ್ದಷ್ಟು. ಮನೆಯಲ್ಲಿ ಮೊಬೈಲ್ ನೋಡೋಕೆ ಬರದ ಹಿರಿಯರು ಇದ್ದರೆ ಅವರನ್ನು ಕೇಳಿ ಅವರ ಮಾತಲ್ಲೇ ಬರೆಯಿರಿ. ಬೈಗುಳ ಇದ್ದರೆ ಅದೂ ಇರಲಿ, ಒಂದನ್ನೂ ಅಳ್ಸಲ್ಲ. ಆ ಹೆಣ್ಣುಮಗಳು ನೀವು ಬರೆದದ್ದನ್ನೆಲ್ಲ ಓದಿ ಗುರುತು ಹಾಕಿಕೊಳ್ಳುತ್ತಾಳೆ. ನನ್ನೊಬ್ಬನ ಮಾತು ನಂಬಿ ಏನನ್ನೂ ಬರೆಯಬೇಡಮ್ಮ ಅಂತ ನಾನೇ ಅವಳಿಗೆ ಹೇಳಿದ್ದೇನೆ.